ಮೂರು ರೂಪಾಯಿಯ ಕಾಳು, ಮುನ್ನೂರು ರೂಪಾಯಿಯ ಬೀರು



ಕುಡಿಯುವುದು ಸರಿಯೇ ತಪ್ಪೇ ಎಂಬ ಮಾತನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡೋಣ. ಅದಕ್ಕೆ ಕೊನೆಯಲ್ಲಿ ಬರುತ್ತೇವೆ. ಈಗ ಕೇಳಬೇಕಾದ್ದು ಲೆಕ್ಕದ ಪ್ರಶ್ನೆ. ಬೀರು ಅಂದರೆ ಏನು? ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಬೇಯಿಸಿ, ಹುದುಗು ಹಾಕಿ ಇಳಿಸಿದ ನೀರು. ಧಾನ್ಯ ಬೆಳೆಯುವವನು ಯಾರು? ರೈತ. ಹಾಗಾದರೆ ಬೀರು ಮಾರಿದ ದುಡ್ಡಿನಲ್ಲಿ ರೈತನ ಪಾಲು ಎಷ್ಟು?

ಈ ಪ್ರಶ್ನೆಯನ್ನು ಇವತ್ತು ಕೇಳಲು ಕಾರಣವಿದೆ. ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆ ಹದಿನೈದು ವರ್ಷಗಳಿಂದ ಒಂದು ಹೊಸ ಕಸುಬು ಬೆಳೆದು ನಿಂತಿದೆ. ಹೋಟೆಲಿನ ಒಳಗೇ ಗಾಜಿನ ಗೋಡೆಯ ಹಿಂದೆ ಸ್ಟೀಲಿನ ತೊಟ್ಟಿಗಳನ್ನಿಟ್ಟು, ಅಲ್ಲೇ ಬೀರು ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಬಡಿಸುವ ಕಿರು ಬ್ರೂವರಿಗಳು ಇವು. ಇದನ್ನು ಕ್ರಾಫ್ಟ್ ಬೀರು ಅನ್ನುತ್ತಾರೆ. ಪುಣೆಯಲ್ಲಿ 2009ರಲ್ಲಿ ಡೂಲಾಲಿ ಎಂಬುದು ಶುರುವಾಯಿತು. ನಮ್ಮ ರಾಜ್ಯದಲ್ಲಿ 2010-11ರ ಸುಮಾರಿಗೆ ಪರವಾನಗಿ ಸಿಕ್ಕಿ ಬಿಯರ್ ಕ್ಲಬ್, ಟಾಯ್ಟ್ ಮುಂತಾದವು ಬಂದವು. 2012ರಲ್ಲಿ ಅಮೆರಿಕದ ಮಿಷಿಗನ್ನಿನ ಆರ್ಬರ್ ಕಂಪನಿಯ ಹೆಸರಿನಲ್ಲಿ ಇನ್ನೊಂದು ಬಂತು. ಈಗ ಬೆಂಗಳೂರಿನಲ್ಲಿ ಇಂಥವು ಐವತ್ತನ್ನೂ ಮೀರಿವೆ.

ಇವರ ವಾದ ಕೇಳಲು ಚೆನ್ನಾಗಿದೆ. "ದೊಡ್ಡ ಕಾರಖಾನೆಯ ಬಾಟಲಿ ಬೀರು ಎಲ್ಲಾ ಊರಲ್ಲೂ ಒಂದೇ ರುಚಿ. ನಮ್ಮದು ಆಯಾ ಊರಿನದು, ತಾಜಾ, ಕೈಯಲ್ಲಿ ಮಾಡಿದ್ದು" ಅನ್ನುತ್ತಾರೆ. ಒಳ್ಳೆಯದು. ಊರಿನ ಬೀರು ಅಂದಮೇಲೆ ಅದರಲ್ಲಿ ಊರಿನ ಕಾಳು ಎಷ್ಟಿದೆ ಅಂತ ನೋಡುವ ಹಕ್ಕು ನಮಗೂ ಇದೆ.

ಮೊಳಕೆಯೇ ಬೀರಿನ ಜೀವ

ಬೀರು ಮಾಡುವುದು ದೇವಲೋಕದ ವಿದ್ಯೆಯಲ್ಲ. ನಮ್ಮ ಹೆಣ್ಣುಮಕ್ಕಳು ಕೂಸಿಗೆ ರಾಗಿ ಸರಿ ಮಾಡುವುದು ಹೇಗೆ? ರಾಗಿಯನ್ನು ನೆನೆ ಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸುತ್ತಾರೆ. ಅದೇ ಮಾಲ್ಟು. ಮೊಳಕೆ ಬರುವಾಗ ಕಾಳಿನೊಳಗಿನ ಗಂಜಿಯನ್ನು ಸಕ್ಕರೆ ಮಾಡುವ ಶಕ್ತಿ ಹುಟ್ಟುತ್ತದೆ. ಅದಕ್ಕೇ ಮೊಳಕೆ ರಾಗಿಯ ಗಂಜಿ ಸಿಹಿ, ತೆಳ್ಳಗೆ, ಕೂಸಿಗೆ ಸುಲಭವಾಗಿ ಅರಗುತ್ತದೆ.

ಬೀರಿಗೆ ಇದೇ ಕೆಲಸವನ್ನು ಬಾರ್ಲಿಯಲ್ಲಿ, ಅಂದರೆ ಜವೆಗೋಧಿಯಲ್ಲಿ ಮಾಡುತ್ತಾರೆ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಿ ಹುರಿಯುತ್ತಾರೆ. ಕಡಿಮೆ ಹುರಿದರೆ ಹೊಂಬಣ್ಣದ ಬೀರು, ಕಪ್ಪಗೆ ಹುರಿದರೆ ಕಾಫಿ ಬಣ್ಣದ ಸ್ಟೌಟು. ಅದನ್ನು ತರಿತರಿಯಾಗಿ ಒಡೆದು, 65 ಡಿಗ್ರಿ ಸುಮಾರಿನ ಬಿಸಿನೀರಲ್ಲಿ ಒಂದು ಗಂಟೆ ಇಟ್ಟರೆ ಸಿಹಿ ನೀರು ಇಳಿಯುತ್ತದೆ. ಅದಕ್ಕೆ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಕುದಿಸಿ, ಆರಿಸಿ, ಹುದುಗು ಬೆರೆಸುತ್ತಾರೆ. ದೋಸೆ ಹಿಟ್ಟು ರಾತ್ರಿ ಕಳೆಯುವುದರೊಳಗೆ ಹುದುಗುತ್ತದೆ, ಇದಕ್ಕೆ ಎರಡು ಮೂರು ವಾರ. ಲಾಗರ್ ಎಂಬ ಜಾತಿಗೆ ಇನ್ನೂ ಹೆಚ್ಚು ದಿನ, ಅದೂ ತಣ್ಣಗಿನ ತೊಟ್ಟಿಯಲ್ಲಿ. ಬೆಂಗಳೂರಿನವರು ಹೆಚ್ಚಾಗಿ ಕೇಳುವುದು ಗೋಧಿ ಮಾಲ್ಟು ಬೆರೆಸಿದ ಮಬ್ಬು ಬಣ್ಣದ ಬೀರನ್ನು. ಕಹಿ ಜಾಸ್ತಿ ಇರುವ ಐಪಿಎ, ಕಾಫಿ ಹಾಕಿದ ಸ್ಟೌಟು, ಮಾವಿನ ಕಾಲದಲ್ಲಿ ಮಾವಿನ ಬೀರು, ಇವೂ ಇವೆ.

ಸಿಹಿ ನೀರು ಬಸಿದ ಮೇಲೆ ಉಳಿಯುವ ಹಸಿ ಬೂಸಾ ದನಕ್ಕೆ ಒಳ್ಳೆಯ ಮೇವು. ನೂರು ಲೀಟರ್ ಬೀರಿಗೆ ಸುಮಾರು ಇಪ್ಪತ್ತು ಕೆಜಿ ಹಸಿ ಬೂಸಾ ಉಳಿಯುತ್ತದೆ. ಎರಡು ದಿನ ಇಟ್ಟರೆ ಹುಳಿತು ಹೋಗುತ್ತದೆ, ಆದ್ದರಿಂದ ಊರ ಸುತ್ತಲಿನ ಹೈನಿನವರು ಬೇಗ ಸಾಗಿಸಬೇಕು. ಈ ಕಸುಬಿನಿಂದ ಇವತ್ತು ನಮ್ಮ ಹಳ್ಳಿಗೆ ನೇರವಾಗಿ ವಾಪಸು ಬರುವುದು ಬಹುಮಟ್ಟಿಗೆ ಇದೊಂದೇ: ಕಾಳು ಹೋದ ಮೇಲಿನ ಹೊಟ್ಟು!

ಲೆಕ್ಕ ಹಾಕೋಣ ಬನ್ನಿ

ಪೂರ್ತಿ ಮಾಲ್ಟಿನಿಂದ ಮಾಡುವ ಸಾಧಾರಣ ಬೀರಿಗೆ ಲೀಟರಿಗೆ ಸುಮಾರು 200 ಗ್ರಾಂ ಮಾಲ್ಟು ಬೇಕು. ಅರ್ಧ ಲೀಟರಿನ ಒಂದು ಮಗ್ಗಿಗೆ 100 ಗ್ರಾಂ. ಅಷ್ಟು ಮಾಲ್ಟು ಆಗಲು ಸುಮಾರು 125 ಗ್ರಾಂ ಬಾರ್ಲಿ ಸಾಕು. 2026-27ರ ಹಿಂಗಾರು ಮಾರಾಟದ ಹಂಗಾಮಿಗೆ ಕೇಂದ್ರ ಸರ್ಕಾರ ಸಾರಿರುವ ಬಾರ್ಲಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 2,150 ರೂಪಾಯಿ. ಅಂದರೆ ಒಂದು ಮಗ್ಗಿನೊಳಗಿರುವ ಕಾಳಿನ ಬೆಲೆ ಎರಡು ರೂಪಾಯಿ ಎಪ್ಪತ್ತು ಪೈಸೆ. ಮೂರು ರೂಪಾಯಿ ಅಂತಲೇ ಹಿಡಿಯಿರಿ.

ಆ ಮಗ್ಗು ಬೆಂಗಳೂರಿನಲ್ಲಿ ಮುನ್ನೂರರ ಆಸುಪಾಸಿಗೆ ಹೋಗುತ್ತದೆ, ಜಾಗ ನೋಡಿ ಇನ್ನೂ ಹೆಚ್ಚು. ನೂರಕ್ಕೆ ಒಂದು ರೂಪಾಯಿ ಕಾಳಿನದು!

ಇದನ್ನೇ ಕ್ವಿಂಟಾಲಿನ ಲೆಕ್ಕದಲ್ಲಿ ನೋಡಿ. ಒಂದು ಕ್ವಿಂಟಾಲ್ ಬಾರ್ಲಿ 80 ಕೆಜಿ ಮಾಲ್ಟಾಗುತ್ತದೆ. 80 ಕೆಜಿ ಮಾಲ್ಟು 400 ಲೀಟರ್ ಬೀರಾಗುತ್ತದೆ. 400 ಲೀಟರು ಅಂದರೆ 800 ಮಗ್ಗು. ಮುನ್ನೂರರಂತೆ 2,40,000 ರೂಪಾಯಿ. ಬೆಳೆದವನ ಕೈಗೆ 2,150.

ನ್ಯಾಯವಾಗಿ ಮಾತಾಡೋಣ. ಮಧ್ಯದ ದುಡ್ಡೆಲ್ಲ ಲೂಟಿ ಅಂತ ಹೇಳಿದರೆ ತಪ್ಪಾಗುತ್ತದೆ. ಸ್ಟೀಲಿನ ತೊಟ್ಟಿಗಳಿಗೆ, ಬಾಯ್ಲರಿಗೆ, ತಂಪು ಯಂತ್ರಕ್ಕೆ ಕೋಟಿಗಟ್ಟಲೆ ಬಂಡವಾಳ ಬೇಕು. ಇಂದಿರಾನಗರದ ಬಾಡಿಗೆ, ಕರೆಂಟು, ಕೆಲಸಗಾರರ ಸಂಬಳ, ಪರವಾನಗಿ ಶುಲ್ಕ, ಸರ್ಕಾರದ ತೆರಿಗೆ, ಎಲ್ಲವೂ ಇದೆ. ಮುಚ್ಚಿಹೋದ ಬ್ರೂವರಿಗಳೂ ಇವೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಬ್ರೂವರಿಯವನು ತನ್ನ ಬಾಡಿಗೆ, ಬಡ್ಡಿ, ಸಂಬಳ, ತೆರಿಗೆ, ಸವಕಳಿ ಎಲ್ಲ ಸೇರಿಸಿ, ಮೇಲೆ ತನ್ನ ಲಾಭ ಇಟ್ಟು, ಮಗ್ಗಿನ ಬೆಲೆಯನ್ನು ತಾನೇ ಹಲಗೆಯ ಮೇಲೆ ಬರೆಯುತ್ತಾನೆ. ಯಾರೂ ಅವನನ್ನು ಏನಪ್ಪಾ ಅಂತ ಕೇಳುವುದಿಲ್ಲ. ರೈತ ತನ್ನ ಬೀಜ, ಗೊಬ್ಬರ, ಕೂಲಿ, ಬಡ್ಡಿ ಸೇರಿಸಿ ಬೆಲೆ ಕೇಳಿದರೆ ಅದು ಚಳವಳಿ, ಅದು ಗಲಾಟೆ. ನಾವು ವೈಜ್ಞಾನಿಕ ಬೆಲೆ ಅಂತ ಕೇಳುತ್ತಾ ಬಂದದ್ದು ಇದನ್ನೇ ತಾನೆ? ಮಗ್ಗು ಮಾರುವವನಿಗೆ ಇರುವ ಹಕ್ಕನ್ನು ಕಾಳು ಮಾರುವವನಿಗೂ ಕೊಡಿ ಅಂತ.

"ಬೆಲೆಯನ್ನು ಮಾರುಕಟ್ಟೆ ನಿರ್ಧರಿಸುತ್ತದೆ ಸ್ವಾಮಿ" ಅನ್ನುವ ಪಂಡಿತರಿಗೆ ಒಂದು ಮಾತು. ಬಾಟಲಿ ಬೀರಿನ ದೊಡ್ಡ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಬೆಲೆ ನಿಗದಿ ಮಾಡಿಕೊಂಡಿದ್ದವು ಅಂತ ಭಾರತದ ಸ್ಪರ್ಧಾ ಆಯೋಗವೇ 2021ರಲ್ಲಿ ತೀರ್ಪು ಕೊಟ್ಟಿತು. ಯುನೈಟೆಡ್ ಬ್ರೂವರೀಸ್ ಮತ್ತು ಕಾರ್ಲ್ಸ್‌ಬರ್ಗ್ ಇಂಡಿಯಾ ಕಂಪನಿಗಳ ಮೇಲೆ ಬಿದ್ದ ದಂಡ ಒಟ್ಟು ಸುಮಾರು 873 ಕೋಟಿ ರೂಪಾಯಿ. ಮೂರನೆಯ ಕಂಪನಿ ಮೊದಲೇ ಒಪ್ಪಿಕೊಂಡು ದಂಡ ತಪ್ಪಿಸಿಕೊಂಡಿತು. ಕಾಳು ಕೊಳ್ಳುವಾಗ ಮಾರುಕಟ್ಟೆ, ಬೀರು ಮಾರುವಾಗ ಒಳ ಒಪ್ಪಂದ! ಬೇಡಿಕೆ ಪೂರೈಕೆಯ ಪಾಠ ನಮಗೆ ಮಾತ್ರ ಯಾಕೆ?

ಊರಿನ ಬೀರಿನಲ್ಲಿ ಊರಿನ ಕಾಳೆಲ್ಲಿ?

ಇನ್ನು ಕಿರು ಬ್ರೂವರಿಗಳ ಕಾಳು ಎಲ್ಲಿಂದ ಬರುತ್ತದೆ? ದೇಶದ ಬಾರ್ಲಿ ಹೆಚ್ಚಾಗಿ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣ, ಪಂಜಾಬ್ ಕಡೆ ಬೆಳೆಯುತ್ತದೆ. ದೊಡ್ಡ ಮಾಲ್ಟ್ ಕಾರಖಾನೆಗಳೂ ಉತ್ತರದಲ್ಲೇ. ಆ ಮೇಲೆ ಬಣ್ಣಕ್ಕೆ, ಘಮಕ್ಕೆ ಬೇಕಾದ ವಿಶೇಷ ಮಾಲ್ಟನ್ನು ಜರ್ಮನಿ, ಬೆಲ್ಜಿಯಂನಿಂದ ಹಡಗಿನಲ್ಲಿ ತರಿಸುತ್ತಾರೆ. ಹಾಪ್ಸಂತೂ ಬಹುಪಾಲು ಹೊರದೇಶದ್ದೇ.

ಹಾಪ್ಸ್ ನಮ್ಮ ದೇಶದಲ್ಲಿ ಬೆಳೆಯುವುದಿಲ್ಲವೇ ಅಂದರೆ, ಬೆಳೆದಿದ್ದರು. ಹಿಮಾಚಲದ ಲಾಹೌಲ್ ಕಣಿವೆಯ ರೈತರು 1970ರ ದಶಕದಿಂದ ಹಾಪ್ಸ್ ಹಾಕಿದರು, ಒಳ್ಳೆಯ ದುಡ್ಡನ್ನೂ ನೋಡಿದರು. ಹೊರದೇಶದ ಹಾಪ್ಸ್ ಅಗ್ಗವಾಗಿ ಬಂದು ಬೀಳತೊಡಗಿದ ಮೇಲೆ ಬೆಲೆ ಕುಸಿಯಿತು. ಬಹಳ ಜನ ಬಳ್ಳಿ ಕಿತ್ತು ಬಟಾಣಿಗೆ, ಹೂಕೋಸಿಗೆ ಹೋದರು. ದೇಶದಲ್ಲಿ ಬೀರು ಕುಡಿಯುವವರು ಹೆಚ್ಚುತ್ತಿದ್ದ ಕಾಲದಲ್ಲೇ ಹಾಪ್ಸ್ ಬೆಳೆಯುವವರು ಕಡಿಮೆಯಾದರು. ರೇಷ್ಮೆಯಲ್ಲಿ ಚೀನಾದ ನೂಲು ಬಂದಾಗ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಏನಾಯಿತೋ ಅದೇ ಕಥೆ.

ಹೆಸರು ನೋಡಿ. ಟಾಯ್ಟಿನ ಒಂದು ಪ್ರಸಿದ್ಧ ಬೀರಿನ ಹೆಸರು ಬಾಸ್ಮತಿ ಬ್ಲಾಂಡ್. ಬಾಸ್ಮತಿ ಒಳ್ಳೆಯ ಅಕ್ಕಿಯೇ, ತಕರಾರಿಲ್ಲ. ಆದರೆ ಅದು ಹಿಮಾಲಯದ ತಪ್ಪಲಿನ ಅಕ್ಕಿ. ಬೆಂಗಳೂರಿನಿಂದ ಐವತ್ತು ಮೈಲಿ ಯಾವ ದಿಕ್ಕಿಗೆ ಹೋದರೂ ರಾಗಿ ಹೊಲ ಸಿಗುತ್ತದೆ. ಜೋಳ, ನವಣೆ, ಸಾಮೆ ಇವೆ. ರಾಗಿ ಹಾಕಿ ಬೀರು ಮಾಡಿದವರು ಇದ್ದಾರೆ. 2023ನ್ನು ಸಿರಿಧಾನ್ಯ ವರ್ಷ ಅಂತ ಜಗತ್ತೇ ಸಾರಿದಾಗ ಇನ್ನೂ ನಾಲ್ಕು ಜನ ಮಾಡಿದರು. ಬಂದ ಹಾಗೆ ಹೋಗುವ ಹಬ್ಬದಡುಗೆ ಅದು, ದಿನದ ಊಟವಾಗಲಿಲ್ಲ.

"ರಾಗಿಯಿಂದ ಬೀರು ಸರಿಯಾಗಿ ಆಗೋದಿಲ್ಲ" ಅನ್ನುವವರಿಗೆ ನೇಪಾಳ, ಸಿಕ್ಕಿಂ ಕಡೆಯ ತೊಂಗ್ಬಾ ತೋರಿಸಬೇಕು. ಅದು ಪೂರ್ತಿ ರಾಗಿಯದು. ಹುದುಗಿದ ರಾಗಿಯನ್ನು ಮರದ ಚೊಂಬಿಗೆ ತುಂಬಿ, ಬಿಸಿನೀರು ಹೊಯ್ದು, ಬಿದಿರಿನ ಕೊಳವೆಯಿಂದ ಹೀರುತ್ತಾರೆ. ಆಫ್ರಿಕಾದ ಉಗಾಂಡಾದಲ್ಲೂ ರಾಗಿ ಮೊಳಕೆಯ ಬೀರು ತಲೆತಲಾಂತರದಿಂದ ಇದೆ. ಕಷ್ಟ ಇಲ್ಲವೆಂದಲ್ಲ. ಬಾರ್ಲಿಗೆ ಮೇಲೆ ಹೊಟ್ಟಿನ ಅಂಗಿ ಇದೆ, ಬಸಿಯುವಾಗ ಅದೇ ಜರಡಿಯಾಗುತ್ತದೆ. ರಾಗಿಗೆ ಅದಿಲ್ಲ, ಒಂದೇ ಮುದ್ದೆಯಾಗಿ ಕೂರುತ್ತದೆ. ಹಾಗಾಗಿ ಬಾರ್ಲಿಯ ಜತೆ ಕಾಲು ಪಾಲು ರಾಗಿ ಮಾಲ್ಟು ಬೆರೆಸುವುದು ಸುಲಭದ ದಾರಿ.

"ರಾಗಿ ದುಬಾರಿ" ಎಂಬ ಮಾತನ್ನೂ ತೂಗಿ ನೋಡೋಣ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಒಂದು ಮಗ್ಗಿನ ಕಾಳಷ್ಟನ್ನೂ ರಾಗಿಯಲ್ಲೇ ಹಾಕಿದರೂ ಆರು ರೂಪಾಯಿ ಚಿಲ್ಲರೆ. ಬಾರ್ಲಿಗಿಂತ ಮೂರೂವರೆ ರೂಪಾಯಿ ಜಾಸ್ತಿ. ಮುನ್ನೂರು ಕೊಡುವ ಗಿರಾಕಿ ಮೂರೂವರೆ ರೂಪಾಯಿಗೆ ಎದ್ದು ಹೋಗುತ್ತಾನೆಯೇ?

ಬವೇರಿಯಾದ ಪಾಠ

ಬೆಂಗಳೂರಿನವರು ಮೆಚ್ಚಿ ಕುಡಿಯುವ ಆ ಗೋಧಿ ಬೀರು ಜರ್ಮನಿಯ ಬವೇರಿಯಾ ಸೀಮೆಯದು. ಆ ಸೀಮೆಯ ಚರಿತ್ರೆ ರೈತ ಓದಬೇಕಾದ್ದು.

1516ರ ಏಪ್ರಿಲ್ 23ರಂದು ಅಲ್ಲಿನ ದೊರೆಗಳು ಇಂಗೋಲ್‌ಸ್ಟಾಟ್ ಎಂಬ ಊರಿನಲ್ಲಿ ಒಂದು ಕಟ್ಟಳೆ ಹೊರಡಿಸಿದರು. ಬೀರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೆ ಹಾಕಕೂಡದು. ಇವತ್ತು ಇದನ್ನು ಶುದ್ಧತೆಯ ಕಾನೂನು ಅಂತ ಬಾಟಲಿ ಮೇಲೆ ಅಚ್ಚು ಹಾಕಿ ಮಾರುತ್ತಾರೆ. ಆದರೆ ಕಟ್ಟಳೆ ಶುರುವಾಗುವುದೇ ಬೆಲೆಯಿಂದ. ಚಳಿಗಾಲದಲ್ಲಿ ಒಂದು ಮಾಸ್, ಅಂದರೆ ಲೀಟರಿಗೆ ಸ್ವಲ್ಪ ಹೆಚ್ಚಿನ ಅಳತೆಗೆ, ಒಂದು ಫೆನ್ನಿಗ್ ಮೀರಬಾರದು. ಬೇಸಗೆಯಲ್ಲಿ ಎರಡು ಫೆನ್ನಿಗ್ ಮೀರಬಾರದು. ಗೋಧಿಯನ್ನು ರೊಟ್ಟಿಗೆ ಉಳಿಸುವುದು ಇದರ ಹಿಂದಿನ ಒಂದು ಉದ್ದೇಶ ಅಂತ ಚರಿತ್ರೆಕಾರರು ಹೇಳುತ್ತಾರೆ.

ಆಮೇಲೆ ಏನಾಯಿತು? ಗೋಧಿ ಬೀರು ಮಾಡುವ ವಿಶೇಷ ಹಕ್ಕು ಒಂದು ಪಾಳೆಯಗಾರ ಮನೆತನಕ್ಕೆ ಸಿಕ್ಕಿತು. ಆ ವಂಶ ನಿಂತುಹೋದಾಗ, 1602ರಲ್ಲಿ, ದೊರೆಯೇ ಆ ಹಕ್ಕನ್ನು ತನ್ನ ಕೈಗೆ ತೆಗೆದುಕೊಂಡು ಖಜಾನೆ ತುಂಬಿಸಿಕೊಂಡ. ಪ್ರಜೆಗೆ ಕಟ್ಟಳೆ, ದೊರೆಗೆ ವ್ಯಾಪಾರ. ಅಬಕಾರಿಯ ರೀತಿ ಅಂದೂ ಇದೇ, ಇಂದೂ ಇದೇ.

ಅದೇ ಬವೇರಿಯಾದ ಪೂರ್ವದಲ್ಲಿ ಓಬರ್‌ಫಾಲ್ಟ್ಸ್ ಎಂಬ ಸೀಮೆಯಿದೆ. ಅಲ್ಲಿ ವಿಂಡಿಶೆಶೆನ್‌ಬಾಖ್, ನಾಯ್‌ಹೌಸ್, ಫಾಲ್ಕೆನ್‌ಬರ್ಗ್, ಮಿಟ್ಟರ್‌ಟೈಖ್, ಎಸ್ಲಾರ್ನ್ ಎಂಬ ಐದು ಸಣ್ಣ ಊರುಗಳಲ್ಲಿ ಐನೂರು ವರ್ಷಕ್ಕೂ ಹಿಂದಿನ ಪದ್ಧತಿ ಇನ್ನೂ ಬದುಕಿದೆ. ಅದಕ್ಕೆ ತ್ಸೋಯ್ಗಲ್ ಅನ್ನುತ್ತಾರೆ. ಅಲ್ಲಿ ಬೀರು ಕುದಿಸುವ ಹಕ್ಕು ಮನೆಗೆ ಅಂಟಿಕೊಂಡು ಬಂದದ್ದು, ನಮ್ಮಲ್ಲಿ ಕೆರೆ ನೀರಿನ ಪಾಳಿ ಜಮೀನಿಗೆ ಅಂಟಿಕೊಂಡು ಬರುವ ಹಾಗೆ. ಊರಿಗೆಲ್ಲ ಸೇರಿ ಒಂದೇ ಕುದಿಸುವ ಮನೆ, ಸೌದೆ ಉರಿಯ ಒಂದೇ ದೊಡ್ಡ ಹಂಡೆ. ಪಾಳಿ ಬಂದ ಮನೆಯವರು ಅಲ್ಲಿ ಕುದಿಸಿ, ಹಂಡೆ ಬಾಡಿಗೆ ಕೊಟ್ಟು, ಸಿಹಿ ನೀರನ್ನು ತಮ್ಮ ಮನೆಯ ನೆಲಮಾಳಿಗೆಗೆ ಒಯ್ದು ಹುದುಗಿಸುತ್ತಾರೆ. ಬೀರು ತಯಾರಾದಾಗ ಬಾಗಿಲಿಗೆ ಆರು ಮೂಲೆಯ ನಕ್ಷತ್ರ ತೂಗುಹಾಕುತ್ತಾರೆ. ಇವತ್ತು ಈ ಮನೆ, ಮುಂದಿನ ಸಲ ಆ ಮನೆ. 2018ರಲ್ಲಿ ಜರ್ಮನಿ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದರಲ್ಲಿ ನಮಗೆ ಬೇಕಾದ್ದು ಬೀರಲ್ಲ, ಏರ್ಪಾಡು. ಬಂಡವಾಳ ಬೇಡುವ ಹಂಡೆ ಎಲ್ಲರದು, ಮಾಡಿದ ಮಾಲು ಅವರವರದು. ದುಡ್ಡು ಊರು ಬಿಟ್ಟು ಹೋಗಲಿಲ್ಲ.

ನಮ್ಮ ಕಡೆ ನಡೆದದ್ದು ಇದಕ್ಕೆ ತಿರುಗುಮುರುಗು. ದಕ್ಷಿಣ ಭಾರತದಲ್ಲಿದ್ದ ಐದು ಸಣ್ಣ ಬ್ರೂವರಿಗಳನ್ನು ಸೇರಿಸಿ 1915ರಲ್ಲಿ ಥಾಮಸ್ ಲೀಶ್‌ಮನ್ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಬೆಂಗಳೂರಿನದೂ ಒಂದು, ನೀಲಗಿರಿಯದೂ ಒಂದು ಅದರಲ್ಲಿ ಕರಗಿಹೋಯಿತು. ಆಮೇಲೆ ಅದು ಮಲ್ಯರ ಕೈಗೆ, 2021ರಲ್ಲಿ ಹಾಲೆಂಡಿನ ಹೈನೆಕೆನ್ ಹತೋಟಿಗೆ. ಊರಿನದು ಊರುಗಳಲ್ಲಿ ಉಳಿಯಲಿಲ್ಲ. ಈಗಿನ ಕಿರು ಬ್ರೂವರಿಗಳು ಅದೇ ದಾರಿ ಹಿಡಿಯುವುದಿಲ್ಲ ಅಂತ ಯಾರು ಹೇಳಬಲ್ಲರು? ಅಮೆರಿಕದ ಶಿಕಾಗೋದ ಗೂಸ್ ಐಲ್ಯಾಂಡ್ ಇಪ್ಪತ್ತು ವರ್ಷ ಸಣ್ಣವರ ಹೆಮ್ಮೆಯಾಗಿತ್ತು. 2011ರಲ್ಲಿ ದೊಡ್ಡ ಕಂಪನಿ ಅದನ್ನು ಕೊಂಡಿತು. ಆದ್ದರಿಂದ ಸಣ್ಣವನು ಒಳ್ಳೆಯವನು ಎಂಬ ನಂಬಿಕೆಯ ಮೇಲೆ ಹೊಲ ಬಿತ್ತಬೇಡಿ.

ಮರ ನಮ್ಮದು, ಅಪ್ಪಣೆ ಅವರದು

ಇಲ್ಲಿ ತೆಂಗಿನ ಮಾತು ಬರಲೇಬೇಕು. ನುಸಿ ಬಿದ್ದು ತೆಂಗು ಸೊರಗಿದ ಕಾಲದಲ್ಲಿ ರೈತ ಕೇಳಿದ್ದು ಇಷ್ಟೇ: ನಮ್ಮ ಮರದ ನೀರಾ ಇಳಿಸಲು ಬಿಡಿ. ನೀರಾದಲ್ಲಿ ಮತ್ತಿಲ್ಲ. ಹುಳಿಯಲು ಬಿಟ್ಟರೆ ತಾನೆ ಮತ್ತು. ಅದಕ್ಕೆ ಸಿಕ್ಕ ಉತ್ತರ 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡು. ಇಬ್ಬರು ರೈತರು ಸತ್ತರು. 2004ರಲ್ಲಿ ಸೇಂದಿಯೂ ನಿಂತಿತು, ಕರಾವಳಿಯಲ್ಲಿ ಮಾತ್ರ ಉಳಿಯಿತು. ವರ್ಷಗಳು ಕಳೆದ ಮೇಲೆ ನೀರಾಕ್ಕೆ ಪರವಾನಗಿಯ ನಿಯಮ ಬಂತು, ಅದೂ ಅಬಕಾರಿ ಇಲಾಖೆಯ ಕೈಯಲ್ಲೇ.

ಅದರ ಪಕ್ಕಕ್ಕೆ ಇದನ್ನಿಟ್ಟು ನೋಡಿ. 2020ರ ಲಾಕ್‌ಡೌನಿನಲ್ಲಿ ಕಿರು ಬ್ರೂವರಿಗಳ ತೊಟ್ಟಿಯಲ್ಲಿ ಬೀರು ಕೆಡುತ್ತದೆ ಅಂತ ಮನವಿ ಹೋಯಿತು. ಮೇ ತಿಂಗಳಲ್ಲೇ ಸರ್ಕಾರ, ಗಿರಾಕಿಗಳು ಪಾತ್ರೆಗೆ ತುಂಬಿಸಿಕೊಂಡು ಮನೆಗೆ ಒಯ್ಯಬಹುದು ಅಂತ ಅಪ್ಪಣೆ ಕೊಟ್ಟಿತು. ಕೊಟ್ಟದ್ದು ತಪ್ಪಲ್ಲ, ಕೆಡುವ ಮಾಲಿಗೆ ದಾರಿ ಮಾಡಲೇಬೇಕು. ಅದೇ ದಿನಗಳಲ್ಲಿ ಹೊಲದಲ್ಲಿ ಟೊಮೇಟೊ, ಕೋಸು, ದ್ರಾಕ್ಷಿ ಕೆಡುತ್ತಿದ್ದವು. ಟ್ರ್ಯಾಕ್ಟರ್ ಹೊಡೆಸಿ ಮಣ್ಣಿಗೆ ಸೇರಿಸಿದವರು ನಿಮ್ಮೂರಲ್ಲೇ ಇದ್ದಾರು. ಕೆಡುವ ಮಾಲು ಎರಡೂ ಕಡೆ ಇತ್ತು. ಅಪ್ಪಣೆಯ ವೇಗ ಮಾತ್ರ ಬೇರೆ ಬೇರೆ.

ಎಚ್ಚರಿಕೆಯ ಮಾತು

ಹಾಗಾದರೆ ನಾಳೆಯಿಂದ ಎಲ್ಲರೂ ಬೀರಿಗೆ ರಾಗಿ ಬೆಳೆಯೋಣ ಅನ್ನುವುದೇ? ಬೇಡ. ಮೂರು ಮಾತು ಮನಸ್ಸಿನಲ್ಲಿರಲಿ.

ಒಂದು, ಅಳತೆ. ದಿನಕ್ಕೆ ಸಾವಿರ ಲೀಟರ್ ಮಾಡುವ ಬ್ರೂವರಿಗೆ ಬೇಕಾದ್ದು ದಿನಕ್ಕೆ ಎರಡೂವರೆ ಕ್ವಿಂಟಾಲ್ ಕಾಳು, ವರ್ಷಕ್ಕೆ ಸುಮಾರು 900 ಕ್ವಿಂಟಾಲ್. ಅದರಲ್ಲಿ ಕಾಲು ಪಾಲು ರಾಗಿ ಅಂದರೂ 225. ಅಂಥ ಐವತ್ತು ಬ್ರೂವರಿ ಸೇರಿದರೂ ಹನ್ನೊಂದು ಸಾವಿರ ಕ್ವಿಂಟಾಲ್ ಚಿಲ್ಲರೆ. ನಮ್ಮ ರಾಜ್ಯ ಒಳ್ಳೆಯ ವರ್ಷದಲ್ಲಿ ಬೆಳೆಯುವ ರಾಗಿ ಹತ್ತು ಲಕ್ಷ ಟನ್ನಿನ ಆಸುಪಾಸು, ಅಂದರೆ ಒಂದು ಕೋಟಿ ಕ್ವಿಂಟಾಲ್. ಬೀರಿನಿಂದ ರಾಗಿಯ ಬೆಲೆ ಏರುತ್ತದೆ ಅಂತ ಯಾರಾದರೂ ಭಾಷಣ ಮಾಡಿದರೆ ಈ ಲೆಕ್ಕ ಅವರ ಮುಂದಿಡಿ.

ಎರಡು, ಕರಾರು. ಬೀರಿನ ಬಾರ್ಲಿಗೆ ಕಂಪನಿಗಳು ಹತ್ತು ಷರತ್ತು ಹಾಕುತ್ತವೆ: ಕಾಳು ದಪ್ಪ ಇರಬೇಕು, ಪ್ರೋಟೀನು ಹೆಚ್ಚಿರಬಾರದು, ನೂರರಲ್ಲಿ ತೊಂಬತ್ತೈದಾದರೂ ಮೊಳೆಯಬೇಕು. ಕೊಯ್ಲಿನ ಹೊತ್ತಿಗೆ ಒಂದು ಮಳೆ ಬಿದ್ದರೆ ಅದೇ ಬಾರ್ಲಿ ದನದ ಮೇವಿನ ಬೆಲೆಗೆ ಹೋಗುತ್ತದೆ. ಮಿಡಿಸೌತೆ ಕರಾರಿನಲ್ಲಿ ಕಾಯಿ ಒಂದು ಬೆರಳು ದಪ್ಪವಾಯಿತು ಅಂತ ವಾಪಸು ಬಂದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರು, ತೆರಿಗೆ. ಆಫ್ರಿಕಾದ ಕೀನ್ಯಾದಲ್ಲಿ 2004ರಲ್ಲಿ ಸೆನೇಟರ್ ಎಂಬ ಅಗ್ಗದ ಬೀರು ಬಂತು. ಸರ್ಕಾರ ತೆರಿಗೆ ಬಿಟ್ಟಿತು, ಕಂಪನಿ ಮುಂದೆ ಅದಕ್ಕೆ ಜೋಳ ಕೊಳ್ಳತೊಡಗಿತು, ಸಾವಿರಾರು ರೈತರು ಜೋಳಕ್ಕೆ ತಿರುಗಿದರು. 2013ರಲ್ಲಿ ಸರ್ಕಾರ ಒಮ್ಮೆಲೇ ಶೇಕಡ 50ರ ತೆರಿಗೆ ಹಾಕಿತು. ಬೀರಿನ ಮಾರಾಟ ಬಿದ್ದುಹೋಯಿತು, ಜೋಳ ಕೇಳುವವರಿಲ್ಲದಾಯಿತು. 2015ರಲ್ಲಿ ತೆರಿಗೆ ಮತ್ತೆ ಇಳಿಸಿದರು. ನಡುವಿನ ಎರಡು ವರ್ಷದ ಸಾಲ ಯಾರು ತೀರಿಸಬೇಕು? ಕಂಪನಿ ಬೇರೆ ಮಾಲು ಮಾರಿ ಬದುಕಿತು. ಒಂದೇ ಕೊಳ್ಳುವವನನ್ನು ನಂಬಿ ಸಾಲ ಎತ್ತಿದ ರೈತನಿಗೆ ಬೇರೆ ದಾರಿ ಇರಲಿಲ್ಲ.

ಹಾಗಾದರೆ ಏನು ಕೇಳಬೇಕು?

ನಾವು ಕೇಳಬೇಕಾದ್ದು ಮಾಲ್ಟಿನ ಮನೆ. ಕಾಳಿಗೂ ಬೀರಿಗೂ ನಡುವೆ ಇರುವ ಮೊಳಕೆಯ ಕೆಲಸ ನಮ್ಮ ಕೈಯಲ್ಲಿ ಇರಬೇಕು. ಮಾಲ್ಟು ಮದ್ಯವಲ್ಲ. ಅದರಲ್ಲಿ ಅಮಲಿಲ್ಲ. ಅದನ್ನು ಬ್ರೂವರಿ ಕೊಳ್ಳುತ್ತದೆ, ಬಿಸ್ಕತ್ತಿನವನು ಕೊಳ್ಳುತ್ತಾನೆ, ಮಕ್ಕಳ ಆಹಾರದವನು ಕೊಳ್ಳುತ್ತಾನೆ, ಹಾಲಿಗೆ ಬೆರೆಸುವ ಪುಡಿ ಮಾಡುವವನು ಕೊಳ್ಳುತ್ತಾನೆ. ರಾಗಿ ಮಾಲ್ಟು ಪೊಟ್ಟಣ ಇವತ್ತು ಹಳ್ಳಿ ಅಂಗಡಿಯಲ್ಲೂ ತೂಗಾಡುತ್ತಿದೆ. ಬೀರಿನ ತೆರಿಗೆ ಏರಿದರೆ ಅಂಗನವಾಡಿಗೆ ಕೊಡಿ, ಬೇಕರಿಗೆ ಕೊಡಿ. ಕೀನ್ಯಾದ ಗತಿ ನಮಗೆ ಬರುವುದಿಲ್ಲ.

ಅದಕ್ಕೆ ಈ ಬೇಡಿಕೆಗಳನ್ನು ಚರ್ಚೆಗೆ ಇಡುತ್ತೇವೆ.

1. ರಾಗಿ, ಜೋಳ ಬೆಳೆಯುವ ತಾಲ್ಲೂಕುಗಳಲ್ಲಿ ರೈತರ ಸಹಕಾರ ಸಂಘ ಅಥವಾ ರೈತ ಉತ್ಪಾದಕ ಕಂಪನಿಯ ಒಡೆತನದಲ್ಲಿ ಮಾಲ್ಟ್ ಮನೆ ಆಗಬೇಕು. 2020ರ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇಕಡ 3 ರಿಯಾಯಿತಿ ಇದೆ. ಮಾಲ್ಟ್ ಮನೆಗೆ ಅದು ಸಿಗುತ್ತದೆ ಅಂತ ಸರ್ಕಾರ ಸ್ಪಷ್ಟವಾಗಿ ಬರೆದುಕೊಡಲಿ.

2. ಊರಿನ ಬೀರು ಅಂತ ಹೇಳಿಕೊಳ್ಳುವ ಬ್ರೂವರಿ ತನ್ನ ಕಾಳಿನಲ್ಲಿ ಇಂತಿಷ್ಟು ಪಾಲು ರಾಜ್ಯದ ರೈತರದ್ದು ಅಂತ ಲೆಕ್ಕ ತೋರಿಸಲಿ. ತೋರಿಸಿದವರಿಗೆ ಪರವಾನಗಿ ಶುಲ್ಕದಲ್ಲಿ ರಿಯಾಯಿತಿ ಕೊಡಲಿ. ತೋರಿಸದವರಿಗೆ ಊರಿನ ಹೆಸರು ಬೇಡ.

3. ಕೊಳ್ಳುವ ಬೆಲೆ ಬೆಂಬಲ ಬೆಲೆಗಿಂತ ಕೆಳಗಿರಬಾರದು. ಮಗ್ಗಿಗೆ ಐದೇ ರೂಪಾಯಿ ಕಾಳಿನ ಪಾಲು ಅಂತ ಸೇರಿಸಿದರೆ ಕ್ವಿಂಟಾಲಿಗೆ 4,000 ರೂಪಾಯಿ ಆಗುತ್ತದೆ. ಬಾರ್ಲಿಯವನ 2,150 ಆಗ 6,150. ರಾಗಿಯಿಂದ ಇಳಿಯುವ ಬೀರು ಸ್ವಲ್ಪ ಕಡಿಮೆ, ಆದರೂ ಅವನಿಗೂ ಸಾವಿರಗಳ ಮಾತು. ಮುನ್ನೂರರಲ್ಲಿ ಐದು ಕೇಳುವುದು ದುರಾಸೆಯಲ್ಲ.

4. ಕರಾರು ಕನ್ನಡದಲ್ಲಿರಲಿ. ಕಾಳು ತಿರಸ್ಕರಿಸಿದರೆ ಪರೀಕ್ಷೆ ಮಾಡುವವರು ಕೊಳ್ಳುವವರ ಆಳಾಗಿರಬಾರದು, ಕೃಷಿ ವಿಶ್ವವಿದ್ಯಾಲಯದವರಾಗಿರಲಿ.

5. ಲಿಖಿತ ಕರಾರು ಕೈಗೆ ಬರುವವರೆಗೆ ಯಾವ ರೈತನೂ ಇದಕ್ಕಾಗಿ ಒಂದು ರೂಪಾಯಿ ಸಾಲ ಎತ್ತಬಾರದು. ಇದು ಸರ್ಕಾರಕ್ಕಲ್ಲ, ನಮಗೆ ನಾವೇ ಹಾಕಿಕೊಳ್ಳುವ ಕಟ್ಟು.

6. ನೀರಾ ಅಬಕಾರಿಯಿಂದ ಹೊರಬಂದು ತೋಟಗಾರಿಕೆ ಇಲಾಖೆಗೆ ಸೇರಲಿ.

ಕುಡಿತದ ಮಾತು

ಈಗ ಬಿಟ್ಟ ಮಾತಿಗೆ ಬರೋಣ. "ರೈತ ಪತ್ರಿಕೆಯಲ್ಲಿ ಬೀರಿನ ಮಾತೇ?" ಅಂತ ನಮ್ಮ ತಾಯಂದಿರು, ಅಕ್ಕತಂಗಿಯರು ಕೇಳಿಯಾರು. ಕೇಳಬೇಕು. ಕುಡಿತದಿಂದ ಒಡೆದ ಮನೆ, ಅಡವಿಟ್ಟ ಓಲೆ, ಕೈಬಿಟ್ಟ ಜಮೀನು ಅವರ ಕಣ್ಣೆದುರಿಗೆ ಇದೆ. 2007ರಲ್ಲಿ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಪೊಟ್ಟಣ ಬಂದು ಕೂತಿತು. ಹಳ್ಳಿಯ ದುಡ್ಡು ಮೊದಲಿನಂತೆಯೇ ಪಟ್ಟಣ ಸೇರಿತು. ಕುಡಿಯಿರಿ ಅಂತ ಈ ಪತ್ರಿಕೆ ಹೇಳುವುದಿಲ್ಲ. ಹಳ್ಳಿಯಲ್ಲಿ ಬ್ರೂವರಿ ತೆರೆಯಿರಿ ಅಂತಲೂ ಕೇಳುತ್ತಿಲ್ಲ.

ಆದರೆ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದಲೇ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡ ಸರ್ಕಾರದಿಂದ ಸಂಯಮದ ಉಪದೇಶ ಕೇಳುವ ಗರಜು ನಮಗಿಲ್ಲ. ಪಟ್ಟಣದಲ್ಲಿ ಬೀರು ಹೇಗೂ ಮಾರುತ್ತದೆ. ನಾವು ಬೇಡ ಅಂದರೆ ಬಾರ್ಲಿ ಉತ್ತರದಿಂದ ಬರುತ್ತದೆ, ಮಾಲ್ಟು ಜರ್ಮನಿಯಿಂದ ಬರುತ್ತದೆ. ನಮ್ಮ ರಾಗಿ ಮಾತ್ರ ಎಕರೆಗಿಷ್ಟು, ಒಬ್ಬನಿಗಿಷ್ಟು ಎಂಬ ಮಿತಿಯ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರಿನಲ್ಲಿ ಸರದಿ ಕಾಯುತ್ತಿರುತ್ತದೆ.

ಮುಂದಿನ ತಾಲ್ಲೂಕು ಸಭೆಯಲ್ಲಿ ಈ ವಿಷಯ ಎತ್ತಿ. ಬೆಂಗಳೂರಿನಲ್ಲಿ ಓದುವ, ಕೆಲಸ ಮಾಡುವ ನಿಮ್ಮ ಮಕ್ಕಳಿಗೆ ಹೇಳಿ: ಅಂಥ ಕಡೆ ಹೋದರೆ ಒಂದು ಪ್ರಶ್ನೆ ಕೇಳಿ ಬಾ, ಇದರಲ್ಲಿರುವ ಕಾಳು ಯಾರ ಹೊಲದ್ದು, ಅವನಿಗೆ ಎಷ್ಟು ಕೊಟ್ಟಿರಿ? ಬಂದ ಉತ್ತರವನ್ನು ಪತ್ರಿಕೆಗೆ ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.